ಅಂಚು ಕತ್ತರಿಸದ ಪುಸ್ತಕ

ತ್ರಿಪೋಲಿಯ ಹಳೆ ಪೇಟೆ. ಸಾಬೂನಿನ ಖಾನಿನ
ಮೆಟ್ಟಿಲ ಕೆಳಗೆ ನನ್ನ ಅಂಗಡಿ:
ಅಪ್ಪ ಬಿಟ್ಟುಹೋದ ಒತ್ತುಯಂತ್ರ, ಗೋಂದು, ದಾರ,
ಎರವಲು ಕೊಡಲೆಂದು ಒಂದೇ ಒಂದು ಕಪಾಟು.
ಗುಡ್ಡದ ಮೇಲೆ ಕೋಟೆ, ಫ್ರಂಜರು ಶುರುಮಾಡಿದ್ದು.
ಅದರ ನೆರಳಿನಲ್ಲಿ ಯಾರದೋ ಹಾಸಿಗೆ ಒಣಗುತ್ತಿದೆ.

ಆ ಶಿಲುಬೆಯ ಯುದ್ಧಗಳ ಪುಸ್ತಕ
ಇಲ್ಲಿ ಕಪಾಟಿನಲ್ಲಿ ನಿಲ್ಲುವುದೇ ಇಲ್ಲ.
ಒಯ್ಯುತ್ತಾರೆ, ತಿಂಗಳು ಕಳೆದು ತರುತ್ತಾರೆ,
ಬಾಡಿಗೆಯ ಜೊತೆ ಅಭಿಪ್ರಾಯವನ್ನೂ
ಎಣಿಸಿ ಮೇಜಿನ ಮೇಲಿಡುತ್ತಾರೆ.

ಬದವಿ ಮೇಷ್ಟರು ಛತ್ರಿ ಮಡಿಸುತ್ತಲೇ ಶುರು:
"ಎರಡೂ ಕಡೆಗೆ ನ್ಯಾಯ ಹೇಳಹೋಗಿ
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ನಾನೂರು ಪುಟ, ತಾಯಿ!
ಕೊನೆಗೆ ಹಾವೇ ಆಕಳಿಸಿರಬೇಕು."

ಹಲ್ಲಿನ ಡಾಕ್ಟರು ಶಾಕೆ ಟೋಪಾಲ್ಯಾನ್
ಓದುವುದು ಹಿಂದಿನಿಂದ ಮುಂದಕ್ಕೆ;
ಹೆಸರುಗಳ ಪಟ್ಟಿಯಲ್ಲಿ ತಮ್ಮವರನ್ನು ತಡವಿ,
ಸಡಿಲ ಹಲ್ಲು ಸಿಕ್ಕವರ ಹಾಗೆ ನಿಟ್ಟುಸಿರು:
"ನಮ್ಮ ಹುಡುಗಿಯರು ಇಲ್ಲಿ ಬರುವುದು ಮದುವೆಗಷ್ಟೇ.
ಊಟದ ಎಲೆ ತೆಗೆದ ಮೇಲೆ ಪತ್ತೆಯಿಲ್ಲ."

ದೋಣಿ ಕಟ್ಟುವ ಇಸ್ಬೀರ್ ಮೀನಾದಿಂದ ಬಂದವನು
ಹಡಗಿನ ಅಧ್ಯಾಯವೊಂದನ್ನೇ ಓದಿ ನಕ್ಕ.
"ಬರೆದವನು ಕಡಲಿಗೆ ಕಾಲು ಅದ್ದಿಲ್ಲ.
ಅಷ್ಟೊಂದು ಕುದುರೆ. ಸರಿ.
ಲದ್ದಿ ಬಳಿದವನ ಹೆಸರು?"

ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಬೆನ್ನು ಹೊಲಿಯುವವಳು.
ಆದರೂ ಒಂದು ಗೊತ್ತು:
ಪುಸ್ತಕವನ್ನು ಬೆನ್ನ ಮೇಲೆ ನಿಲ್ಲಿಸಿ ಕೈಬಿಡಿ,
ತಾನಾಗಿ ಎಲ್ಲಿ ತೆರೆದುಕೊಳ್ಳುತ್ತದೋ
ಅದೇ ಊರಿನ ಅಭಿಪ್ರಾಯ.
ಫ್ರೆಂಚಿನವು ಜೆರುಸಲೇಮಿನಲ್ಲಿ ತೆರೆಯುತ್ತವೆ,
ಅರಬ್ಬಿಯವು ಹತ್ತೀನಿನಲ್ಲಿ.
ಒಂದೇ ಪುಟದಲ್ಲಿ ಎರಡೂ ತೆರೆದದ್ದು
ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಅಂಚಿನಲ್ಲಿ ಪೆನ್ಸಿಲ್ಲಿನ ಜಗಳ ಬೇರೆ.
'ಸುಳ್ಳು.'
'ನೀನೇನು ಅಲ್ಲಿದ್ದೆಯಾ?'
ಮತ್ತೊಂದು ಕೈ, ಬೇರೆ ವರ್ಷದ ಸೀಸ: 'ನೀನಿದ್ದೆಯಾ?'
ಅದರಡಿ, ಯಾವುದೋ ಮಗುವಿನ ಬೆಕ್ಕು.

ಮೊನ್ನೆ ತರಕಾರಿ ಮಂಡಿಯ ಬರಕಾತ್ ಬಂದ,
ಹೆಗಲ ಮೇಲೆ ಇನ್ನೂ ಗೋಣಿಯ ನಾರು.
"ನಮ್ಮ ಮಅರ್ರಾ ಇದರಲ್ಲಿದೆಯಂತೆ?"
ಹುಡುಕಬೇಕಾಗಲಿಲ್ಲ.
ಪುಸ್ತಕ ಆ ಪುಟಕ್ಕೆ ತಾನೇ ಬಾಯಿ ತೆರೆಯಿತು,
ಹಸಿದ ಫ್ರಂಜರು ಸತ್ತವರನ್ನು ಬೇಯಿಸಿದ ಪುಟ.
ಎಲ್ಲರೂ ಗೆರೆ ಎಳೆದೆಳೆದು ಕಾಗದ ಸವೆದಿತ್ತು.

ನಿಂತೇ ಓದಿದ, ತುಟಿ ಆಡಿಸುತ್ತ.
ನಾನು ಕಾದೆ: ಸಿಟ್ಟಿಗೋ, ಅಳುವಿಗೋ.
ಯಾವ ಮನೆ ಬಿಟ್ಟು ಈ ಊರಿಗೆ ಬಂದನೆಂದು
ನಾನು ಕೇಳಿದವಳಲ್ಲ, ಅವನು ಹೇಳಿದವನಲ್ಲ.

ಪುಟ ತಿರುವಿದ. ಇನ್ನೊಂದು ತಿರುವಿದ.
"ಇಷ್ಟೇನಾ?" ಅಂದ. "ಮುಂದೆ?
ಮಾರನೆಯ ವರ್ಷ ಹಿಟ್ಟು ಬೀಸಲಿಲ್ಲವಾ ಯಾರೂ?
ಒಂಬೈನೂರು ವರ್ಷ ನಾವು ಸುಮ್ಮನೆ
ಆ ಪಾತ್ರೆಯೊಳಗೇ ಕೂತಿದ್ದೆವಾ?"

ಪೆನ್ಸಿಲ್ ಕೇಳಿದ. ಕೊಟ್ಟೆ.
ನಾಲಿಗೆ ಕಚ್ಚಿ, ಶಾಲೆಯ ಹುಡುಗನ ಅಕ್ಷರದಲ್ಲಿ
ಆ ಗೆರೆಗಳ ಪಕ್ಕ ಬರೆದ:
'ಇಲ್ಲಿ ಅಂಜೂರ ಎರಡು ಬಗೆ. ಬಿಳಿಯದು ಮೊದಲು ಹಣ್ಣಾಗುತ್ತದೆ.
ಬೆಳಗಿನ ಜಾವ ಕೀಳಬೇಕು.'

ಆ ಪುಸ್ತಕದ ಹೊಲಿಗೆ ಬಿಚ್ಚಿತ್ತು; ಮತ್ತೆ ಕಟ್ಟಿದೆ.
ಕಟ್ಟಿದ ಮೇಲೆ ಅಂಚು ಕತ್ತರಿಸಿ ಸಮ ಮಾಡಬೇಕು,
ಅಪ್ಪ ಕಲಿಸಿದ್ದು ಹಾಗೆ.
ಅಲಗು ಎತ್ತಿದೆ. ಇಳಿಸಲಿಲ್ಲ.
ಈಗದು ಕಪಾಟಿನಲ್ಲಿ ಉಳಿದವಕ್ಕಿಂತ
ಅರ್ಧ ಬೆರಳು ಮುಂದೆ ಚಾಚಿಕೊಂಡು ನಿಂತಿದೆ,
ಹೋಗಿಬರುವವರ ತೋಳಿಗೆ ತಾಗುತ್ತ.

"ಇತಿಹಾಸಕ್ಕೂ ಅಂಜೂರಕ್ಕೂ ಏನು ಸಂಬಂಧ?"
ಬದವಿ ಮೇಷ್ಟರು ಗದರಿ, ಒಯ್ದರು.
ಆರು ವಾರವಾಯಿತು. ತಂದಿಲ್ಲ.