ಮೂರನೇ ಟೇಕ್

ಮಾಜಾಳಿಯ ಮರಳಲ್ಲಿ ದೆವ್ವದ ಸಿನೆಮಾ.
ಶಾಪ ಹಾಕಲು ಮುದುಕಿಯೊಬ್ಬಳು ಬೇಕಿತ್ತು;
ಮೀನುಬುಟ್ಟಿ ಇಳಿಸಿ ಬಂದಳು
ಬುದವಂತಿ ಹರಿಕಂತ್ರ.

‘ಯಾರ ಹೆಸರಿಗೆ?’ ಕೇಳಿದಳು.
‘ಯಾರದಾದರೂ’ ಅಂದರು ಡೈರೆಕ್ಟರು.

ಹಿಡಿ ಮರಳು ತೂರಿದಳು:
‘ನಿನ್ನ ಒಲೆಯಲ್ಲಿ ಬೆಕ್ಕು ಮಲಗಲಿ!’
ಹೆಲಿಕಾಪ್ಟರ್ ಸದ್ದು. ಮತ್ತೊಮ್ಮೆ.

ಈ ಸಲ ಹೆಸರೂ ಬಂತು,
ಮೈಕ್ ಹಿಡಿದ ನನ್ನ ಕಿವಿಗಷ್ಟೇ:
ಗಾಳಿಯ ದಿನ ಅವಳ ಮಗನನ್ನು
ಕಡಲಿಗಟ್ಟಿದ ಬೋಟಿನ ಸಾಹುಕಾರ.
ಫೋಕಸ್ ತಪ್ಪಿತ್ತು. ಮತ್ತೊಮ್ಮೆ.

ಬರಿಗೈ ನೋಡಿಕೊಂಡು ನಿಂತಳು.
‘ಮುಗೀತಲ್ಲ ತಮಾ, ಇದ್ದದ್ದು ಒಂದೇ.
ಇಪ್ಪತ್ತೆರಡು ವರ್ಷ ಬಾಯಲ್ಲಿ ಇಟ್ಕಂಡಿದ್ದೆ.’

ಸಿನೆಮಾದಲ್ಲಿ ಬೇರೆ ಯಾರೋ ಕಿರುಚುತ್ತಾಳೆ. ಜನ ನಗುತ್ತಾರೆ.
ಆ ಫೈಲು ಅಳಿಸು ಅಂದಿದ್ದರು, ಅಳಿಸಿಲ್ಲ.

ನಿನ್ನೆ ಸಾಹುಕಾರನ ಮನೆ ಹಾದು ಬಂದೆ.
ಹಿತ್ತಿಲ ಬಾಗಿಲು ತೆರೆದಿತ್ತು.
ಬೆಕ್ಕೊಂದು ಸಾವಕಾಶ
ಒಳಗೆ ಹೋಯಿತು.