ನಿರ್ಧಾರದ ಎತ್ತರ

ಸೋರ್ವಾಗುರಿನ ನಮ್ಮ ಹಿತ್ತಿಲಲ್ಲಿ
ಕುರಿಮಾಂಸವನ್ನು ಕಡಲಗಾಳಿಗೆ ಒಣಹಾಕುವ ಹಲಗೆಮನೆ.
ಅರ್ಧದಲ್ಲಿ ಈಗಲೂ ತೊಡೆಗಳು ತೂಗುತ್ತವೆ.
ಇನ್ನರ್ಧದಲ್ಲಿ ನನ್ನ ವಿಮಾನ:
ಮೂರು ಪರದೆ, ಗುಜರಿಗೆ ಹೋದ ದೋಣಿಯಿಂದ ತಂದ ಕುರ್ಚಿ,
ಹಳೆಯ ವಾಷಿಂಗ್ ಮೆಷಿನ್ನಿನ ತಿರುಗುಣಿ ಬಿಚ್ಚಿ
ದಿಕ್ಕು ಹಿಡಿಯಲು ನಾನೇ ಕೂರಿಸಿದ್ದು.
"ಪ್ಯಾಸೆಂಜರುಗಳಿಗೆ ಮಾಂಸದ ವಾಸನೆ ಬರೋದಿಲ್ಲವೇ?"
ಸುನ್ವಾಳ ಪ್ರಶ್ನೆ, ವಾರಕ್ಕೊಮ್ಮೆ.

ಇವತ್ತು ಅವಳೇ ಪ್ಯಾಸೆಂಜರು.
ಕೋಪನ್‌ಹೇಗನ್ನಿನಲ್ಲಿ ಕಣ್ಣಿನ ಆಪರೇಷನ್ ಮುಗಿಸಿ
ಹದಿನಾಲ್ಕನೆಯ ಸಾಲು, ಕಿಟಕಿಯ ಪಕ್ಕ.

ಹೊರಗೆ ಮಂಜು.
ಬೆಟ್ಟದ ತಲೆಗೆ ಮುಸುಕೆಳೆಯುವ ಮಂಜಿಗೆ ನಮ್ಮಲ್ಲಿ ಒಂದು ಹೆಸರು,
ಕಡಲಿಂದ ತೆವಳಿ ಕಣಿವೆ ತುಂಬುವುದಕ್ಕೆ ಇನ್ನೊಂದು.
ಇದು ಎರಡನೆಯದು. ಅಂಗಳದ ಬಟ್ಟೆಹಗ್ಗವೂ ಕಾಣದು.
ಗಾಳಿ, ಒತ್ತಡ, ಮೋಡದ ತಳ,
ಇದ್ದದ್ದನ್ನು ಇದ್ದ ಹಾಗೆ ಯಂತ್ರಕ್ಕೂ ತುಂಬಿದೆ,
ಅವಳ ವಿಮಾನದ ನಂಬರನ್ನೇ ನನ್ನದಕ್ಕೂ ಇಟ್ಟೆ,
ದಡಕ್ಕೆ ಹದಿನೈದು ಮೈಲಿ ಇರುವಾಗ
ಅವಳನ್ನು ಕೈಗೆ ತೆಗೆದುಕೊಂಡೆ.

ಕಿಟಕಿಯಲ್ಲಿ ಏನಿಲ್ಲ, ಹಾಲು ಬಳಿದ ಗಾಜು.
ನಂಬುವುದಿದ್ದರೆ ಅಂಗೈಯಗಲದ ಈ ಮುಖವನ್ನು.
ಒಂದು ಮುಳ್ಳು ಎಡಬಲ ಹೇಳುತ್ತದೆ,
ಒಂದು ಮುಳ್ಳು ಮೇಲೆ ಕೆಳಗೆ.
ಎರಡೂ ನಡುವೆ ಕೂಡಿದರೆ ನೀನು ದಾರಿಯಲ್ಲಿದ್ದೀಯ,
ದಾರಿ ಅನ್ನುವುದೇ ಅಲ್ಲಿಲ್ಲದಿದ್ದರೂ.

ಮುಳ್ಳನ್ನು ಅಟ್ಟಿಸಿಕೊಂಡು ಹೋಗಬಾರದು.
ಇಷ್ಟು ಕಲಿಯಲು ನನಗೆ ಎರಡು ಚಳಿಗಾಲ ಹಿಡಿಯಿತು.
ಎಡಕ್ಕೆ ಸರಿಯಿತೆಂದು ಎಡಕ್ಕೆ ಧಾವಿಸಿದರೆ
ಅದು ಬಲಕ್ಕೆ ನಿಂತು ಅಣಕಿಸುತ್ತದೆ.
ಕೂದಲೆಳೆಯಷ್ಟು ಬಾಗು. ಕಾಯಿ. ಮತ್ತೆ ನೋಡು.
ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ
ಐಸ್ ಮಾಡುವ ಯಂತ್ರ ಕಾದವನು ನಾನು;
ಕಾಯುವುದು ಬರುತ್ತಿತ್ತು, ಬಾಗುವುದು ಬರುತ್ತಿರಲಿಲ್ಲ.
ಬೇಕಾದರೆ ಸುನ್ವಾಳನ್ನು ಕೇಳಿ.

ಹದಿನೆಂಟಕ್ಕೆ ಪೈಲಟ್ ಆಗಲು ಹೋಗಿದ್ದೆ.
ಬಣ್ಣದ ಚುಕ್ಕಿಗಳ ಪುಟ ತೆರೆದು ಡಾಕ್ಟರು
"ಯಾವ ಅಂಕಿ ಕಾಣುತ್ತೆ?" ಅಂದರು.
ನನಗೆ ಚುಕ್ಕಿ ಕಂಡವು.

ಸಾವಿರ ಅಡಿ. ಚಕ್ರ ಇಳಿಯಿತು, ಫ್ಲಾಪ್ ಪೂರ್ತಿ.
ಎರಡೂ ಪಕ್ಕೆಗೆ ಬಂಡೆ ಎಂದು ಬಲ್ಲೆ,
ಹುಡುಗನಾಗಿ ಅದರ ನೆತ್ತಿಯಲ್ಲಿ ಕುರಿ ಅಟ್ಟಿದವನು.
ಆರು ನೂರು. ಐದು ನೂರು.
ಊಟಕ್ಕೆ ಕರೆಯುವಷ್ಟು ನಿಧಾನದ ದನಿಯಲ್ಲಿ
ಯಂತ್ರ "ನಿರ್ಧಾರ" ಎಂದಿತು.
ಏನೂ ಕಾಣಲಿಲ್ಲ.
ಥ್ರಾಟಲ್ ಮುಂದಕ್ಕೆ, ಮೂಗು ಮೇಲಕ್ಕೆ.

ಆಗಲೇ ಸೂರಿನ ಮೇಲೆ ನಿಜದ ಸದ್ದು:
ಕಾಣದ ಎರಡು ಎಂಜಿನ್ ಒಮ್ಮೆಲೇ ಗರ್ಜಿಸಿ ಏರಿದವು,
ಹಲಗೆ ನಡುಗಿತು, ತೂಗುವ ತೊಡೆಗಳು
ಒಂದಕ್ಕೊಂದು ತಾಕಿ ಸುಮ್ಮನಾದವು.

ಎರಡನೆಯ ಸಲ ಮುಳ್ಳುಗಳು ಮೊಳೆ ಹೊಡೆದ ಹಾಗೆ ನಿಂತವು.
"ನಿರ್ಧಾರ" ಎಂದಿತು. ಕಾಣಲಿಲ್ಲ.
ನಾನು ಇನ್ನೂ ಮೂವತ್ತು ಅಡಿ ಕದ್ದೆ.
ದೀಪಗಳು! ಎರಡು ಬಿಳಿ, ಎರಡು ಕೆಂಪು ಅನ್ನುತ್ತಾರೆ,
ನನಗೆ ನಾಲ್ಕೂ ದೀಪ.
ಚಕ್ರ ನೆಲ ಮುಟ್ಟಿತು.
ಕೈ ಬೆವೆತಿತ್ತು. ಚಪ್ಪಾಳೆ ಇಲ್ಲ.
ಹೊರಗೆ ಬಂದು ಆಕಾಶಕ್ಕೆ ಕಿವಿಗೊಟ್ಟು ನಿಂತೆ,
ಸದ್ದು ಮತ್ತೆ ಬರಲಿಲ್ಲ.

ಸಂಜೆ ಫೋನು, ಬರ್ಗನ್ನಿನಿಂದ.
"ಒಂದೇ ಸಲ ನೋಡಿ ತಿರುಗಿಬಿಟ್ಟ. ಹೋಟೆಲ್ ಕೊಟ್ಟಿದ್ದಾರೆ.
ನೀನು?"
"ಇಳಿಸಿದೆ. ಎರಡನೇ ಸಲಕ್ಕೆ."
"ನಿಯಮದ ಪ್ರಕಾರ?"
ನಾನು ಆಲೂಗಡ್ಡೆಯ ಉರಿ ಸಣ್ಣ ಮಾಡಿದೆ.
"ಆ ಹುಡುಗ ಒಳ್ಳೆಯ ಪೈಲಟ್" ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು,
"ಮಂಜಿನ ಮೇಲೆ ಬಂದಾಗ ಬಿಸಿಲು, ಹೋಗ್ನಿ.
ಹೊಸ ಕಣ್ಣಿಗೆ ಎಂಥಾ ಬಣ್ಣ ಅಂತೀಯ!
ನಿನಗೆ ಹೇಳಿ ಏನು ಪ್ರಯೋಜನ."
"ಆದರೂ ಹೇಳು" ಅಂದೆ,
ಇಬ್ಬರಿಗೆ ಬೇಯಿಸಿದ್ದರಲ್ಲಿ
ಒಂದನ್ನು ಚಮಚದಿಂದ ಪಕ್ಕಕ್ಕೆ ಸರಿಸುತ್ತ.