ಹಿನ್ನೀರು

ಡಾಕ್ಟರು ಚೀಟಿಯ ಬೆನ್ನಿಗೆ
ಒಂದು ಬೋರಲು ಗಡಿಗೆ ಬರೆದರು,
ಅದಕ್ಕೆ ಎರಡು ಕೊಂಬು.
‘ಹೊರಗ ಹೋಗಬೇಕಾದ್ದು ಸ್ವಲ್ಪ
ಹೀಂಗ ಹಿಂದಕ್ಕ ಹೋಗತೈತಿ’ ಅಂತ
ಬಾಣದ ಗುರುತು ಹಾಕಿದರು.

ನನಗೇನು ಹೊಸದಲ್ಲ.
ಹದಿನೆಂಟು ವರ್ಷ ಮುಳುಗಡೆ ಆಫೀಸಿನಲ್ಲಿ
ಫೈಲು ಹೊಲಿದವಳು.
ಮುಂದಕ್ಕೆ ಹೋಗಬೇಕಾದ ಹೊಳೆ ಹಿಂದಕ್ಕೆ ಬಂದು
ಕಿಲ್ಲಾದ ಹೊಸ್ತಿಲು ಏರಿದ್ದು,
ಮನೆ ನಂಬರು, ಗೋಡೆಯ ಉದ್ದ, ತೊಲೆಯ ಲೆಕ್ಕ,
ಎಲ್ಲ ನನ್ನ ಕಪಾಟಿನಲ್ಲಿದೆ.

‘ಹಂಗಾದ್ರ ಕಾರಣ ಸಿಕ್ಕಂಗಾತಲ್ರಿ?’
‘ಇಲ್ಲವ್ವಾ. ಹಿಂದಕ್ಕ ಹರಿಯೂದು ಭಾಳ ಮಂದೀಗೆ ಐತಿ,
ಬೇರು ಬಿಡೂದು ಕೆಲವರಿಗಷ್ಟ.’

ಕಾವಲಿಗಿದ್ದ ಬಿಳಿ ಕಣಗಳು
ಬಂದವರನ್ನು ಓಡಿಸದೆ ಚಾ ಕುಡಿಸಿ ಕೂರಿಸಿದವೋ.
ನಾನಿನ್ನೂ ಅವ್ವನ ಹೊಟ್ಟೆಯಲ್ಲಿ
ಕಡಲೆಕಾಳಿನಷ್ಟಿದ್ದಾಗಲೇ ಚೆಲ್ಲಿದ ಬೀಜವೋ.
ನೆತ್ತರ ದಾರಿಯಲ್ಲಿ ತೇಲಿ ಬಂದದ್ದೋ.
ತವರಿನ ಆಸ್ತಿಯೋ:
ಕೆರೂರ ಚಿಗವ್ವ ಗಂಗಮಾಳವ್ವ
ತಿಂಗಳಿಗೆ ಮೂರು ದಿನ ಇಟ್ಟಂಗಿ ಕಾಯಿಸಿ
ಹೊಟ್ಟೆಗೆ ಕಟ್ಟಿಕೊಂಡು ಬಿದ್ದಿರುತ್ತಿದ್ದಳು.
‘ನಾಟಕ’ ಅನ್ನುತ್ತಿದ್ದರು.
ನಾನೂ ಅಂದಿದ್ದೆ.

ಗರ್ಭದ ಒಳಗೋಡೆಯಂಥದೇ ಒಂದು ತುಣುಕು
ಅಂಡಾಶಯದ ಮೇಲೆ, ಕರುಳಿನ ಬೆನ್ನಿಗೆ
ಪ್ಲಾಟು ಹಿಡಿದಿದೆ.
ಊರು ಬಿಟ್ಟರೂ ಪಂಚಾಂಗ ಬಿಟ್ಟಿಲ್ಲ,
ನವನಗರದ ಸೆಕ್ಟರಿನಲ್ಲಿ ಕುಂತು
ಹಳೇ ಓಣಿಯ ಅಮಾಸಿಗೆ ಕಾಯಿ ಒಡೆಯುವ
ನಮ್ಮತ್ತೆಯ ಹಾಗೆ.
ತಿಂಗಳು ತುಂಬಿದರೆ ಅದೂ ಉಬ್ಬುತ್ತದೆ,
ಅದೂ ಒಡೆಯುತ್ತದೆ.
ಅಲ್ಲಿ ಗಟಾರವಿಲ್ಲ.
ನಿಂತ ನೆತ್ತರು ಕಾಕಂಬಿಯ ಬಣ್ಣಕ್ಕೆ ತಿರುಗಿ, ಅಂಟಾಗಿ,
ಬಾಜೂಕ ಇದ್ದದ್ದನ್ನೆಲ್ಲ
ಒಂದಕ್ಕೊಂದು ಹಚ್ಚಿ ಹಾಕುತ್ತದೆ.
ಕಪಾಟಿನ ತಳದ ಫೈಲುಗಳು ಹೀಗೆಯೇ,
ಬಿಡಿಸಲು ಹೋದರೆ ಹರಿಯುತ್ತವೆ.

ಹೆಸರು ಸಿಗಲು ಹನ್ನೊಂದು ವರ್ಷ.
ಅಲ್ಲಿತನಕ ಪಿತ್ತ ಅಂದರು, ಗ್ಯಾಸು ಅಂದರು,
‘ಮದುವಿ ಆದ್ರ ಹೋಗತೈತಿ’ ಅಂದರು,
ಆದ ಮೇಲೆ ‘ಒಂದು ಹಡಿ’ ಅಂದರು.
ಎಂಡೊಮೆಟ್ರಿಯೋಸಿಸ್.
ರಜೆ ಅರ್ಜಿಯ ಕಾರಣದ ಕಾಲಮ್ಮಿನಲ್ಲಿ
ಅಷ್ಟುದ್ದ ಹಿಡಿಸಲಿಲ್ಲ;
ಸಾಹೇಬರಿಗೆ ‘ಹೊಟ್ಟೆನೋವು’ ಅಂತಲೇ ಬರೆದೆ.

ಬ್ಯಾಸಗಿ. ನೀರು ಇಳಿದಿತ್ತು.
ಬಸ್ಸಿನ ಕಿಟಕಿಯಲ್ಲಿ ಯಾರದೋ ಮನೆಯ ಕಟ್ಟೆ,
ಅದರ ಮೇಲೆ ಒಂದು ಕೊಕ್ಕರೆ.
ಚಿಗವ್ವನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ,
ಗಡಿಗೆ, ಕೊಂಬು, ಬಾಣ.
‘ನಂದೆಲ್ಲಾ ನಿಂತು ಯಾವ ಕಾಲ ಆತು, ಬಿಡವಾ’ ಅಂದಳು.
ಆಮೇಲೆ ಮಾತಿಲ್ಲ.
ಫೋನು ಮಾತ್ರ ಇಡಲಿಲ್ಲ.